ಮೂವತ್ತಂಗುಲದ ಹೆಜ್ಜೆ

ಊರಿನ ನೆಲದಡಿಯಲ್ಲಿ ಗ್ಯಾಸಿನ ಕೊಳವೆ ಎಲ್ಲೆಲ್ಲಿ ಹೋಗಿದೆ ಎಂದು ಕೇಳಿದರೆ ಸರಬರಾಜು ಕಚೇರಿಯವರು ಇಂದಿಗೂ ಹೇಳುವುದು ಒಂದೇ ಮಾತು: "ಹೆಜ್ಜೆ ಮೇಸ್ತ್ರಿ ಬರೆದಿಟ್ಟಿದ್ದಾರೆ, ಪುಸ್ತಕ ನೋಡ್ಕೊಳ್ಳಿ." ಮೇಸ್ತ್ರಿ ನಿವೃತ್ತರಾಗಿ ಹನ್ನೊಂದು ವರ್ಷ ಕಳೆದಿತ್ತು. ಅವರ ಪುಸ್ತಕಗಳಿಗೆ ಮಾತ್ರ ಇನ್ನೂ ನಿವೃತ್ತಿ ಆಗಿರಲಿಲ್ಲ.

ಟೇಪು ಎಂಬ ವಸ್ತುವನ್ನು ಕಂಡರೆ ಮೇಸ್ತ್ರಿಗೆ ಮೊದಲಿನಿಂದಲೂ ತಾತ್ಸಾರ. ಟೇಪು ಜೋತುಬೀಳುತ್ತದೆ, ಗಾಳಿಗೆ ಓಲಾಡುತ್ತದೆ, ಆ ತುದಿ ಹಿಡಿದವನು ಆಕಳಿಸುತ್ತಾನೆ. ಹೆಜ್ಜೆಗೆ ಇಂಥ ಕಾಯಿಲೆ ಒಂದೂ ಇಲ್ಲ. ಅವರ ಹೆಜ್ಜೆ ಮೂವತ್ತಂಗುಲ, ಅದು ಹುಟ್ಟಿನಿಂದಲೇ ಬಂದದ್ದು ಎನ್ನುವ ಹಾಗೆ ಮಾತಾಡುತ್ತಿದ್ದರು. ಪ್ರತಿ ತಿಂಗಳ ಮೊದಲ ದಿನ ಕಚೇರಿಯ ವರಾಂಡದಲ್ಲಿ ಎಳೆದಿಟ್ಟ ಎರಡು ಗೆರೆಗಳ ನಡುವೆ ನಡೆಯುವುದು, ಎಪ್ಪತ್ತೈದು ಅಡಿಗೆ ಸರಿಯಾಗಿ ಮೂವತ್ತು ಹೆಜ್ಜೆ ಬಂತೆಂದು ತಾವೇ ನೋಡಿ, ತಾವೇ ಮೆಚ್ಚಿ, ತಾವೇ ಸಹಿ ಹಾಕುವುದು. ಆಮೇಲೆ ಬೀದಿಗಿಳಿದು, ಕಲ್ಲುಕಂಬವೋ ಸೇತುವೆಯ ಮೂಲೆಯೋ, ಕದಲದ ಒಂದು ಗುರುತು ಹಿಡಿದು, ಅಲ್ಲಿಂದ ಕೊಳವೆ ಹೂತ ಜಾಗಕ್ಕೆ ಎಷ್ಟು ಹೆಜ್ಜೆ ಎಂದು ಪುಸ್ತಕಕ್ಕೆ ಏರಿಸುವುದು. ಮೂವತ್ತು ವರ್ಷ ಅವರು ಮಾಡಿದ್ದು ಇಷ್ಟೇ. ಇಷ್ಟನ್ನು ಅವರಷ್ಟು ಜಂಭದಿಂದ ಇನ್ಯಾರೂ ಮಾಡಿರಲಾರರು.

ಇನ್ನು ಮಗಳ ಕೆಲಸವನ್ನೂ ಹೇಳಿಬಿಡಬೇಕು, ಯಾಕೆಂದರೆ ಮನೆಯ ಜಗಳವೆಲ್ಲ ಅಲ್ಲಿಂದಲೇ ಶುರು. ಅವಳು ನಡೆಸುವುದು ಮಣ್ಣು ಹೀರುವ ಲಾರಿ. ಬೆನ್ನ ಮೇಲೆ ದೊಡ್ಡ ಟ್ಯಾಂಕು, ಪಕ್ಕದಲ್ಲಿ ತೊಡೆಗಾತ್ರದ ರಬ್ಬರ್ ಕೊಳವೆ. ತೆಳ್ಳಗಿನ ಉಕ್ಕಿನ ನಳಿಕೆಯಿಂದ ರಭಸವಾಗಿ ನೀರು ಬಿಟ್ಟು ಮಣ್ಣು ಸಡಿಲಿಸಿದರೆ, ದಪ್ಪ ಕೊಳವೆ ಆ ಕೆಸರನ್ನು ಸೊರ್ರೆಂದು ಎಳೆದು ಟ್ಯಾಂಕಿಗೆ ತುಂಬುತ್ತದೆ. ಹಲ್ಲಿಲ್ಲ, ಗುದ್ದಲಿಯಿಲ್ಲ. ಒಂದಡಿ ಅಗಲದ ಗುಂಡಿ ತೆರೆದು, ಒಳಗಿರುವ ಕೊಳವೆಗೋ ತಂತಿಗೋ ಗೀರು ಬೀಳದ ಹಾಗೆ ಕಣ್ಣಾರೆ ಕಂಡು ಗುರುತು ಹಾಕಿ ಬರಬೇಕು. ಆಮೇಲೆ ಬೇಕಾದರೆ ಹಲ್ಲಿನ ಯಂತ್ರದವರು ಬಂದು ಪಕ್ಕದಲ್ಲಿ ಅಗೆದುಕೊಳ್ಳಲಿ. ಲಾರಿಗೆ ಕೆಲಸದವರು ಇಟ್ಟ ಹೆಸರು ಹೊಟ್ಟೆಬಾಕ. ಅವಳನ್ನು ಕರೆಯುವುದು ಆಪರೇಟರಮ್ಮ ಎಂದು.

"ಕಂಡಮೇಲೆ ಹೇಳೋದಕ್ಕೆ ವಿದ್ಯೆ ಯಾಕೆ ಬೇಕು? ಕಾಣದೆ ಹೇಳ್ಬೇಕು," ಎನ್ನುತ್ತಿದ್ದರು ಮೇಸ್ತ್ರಿ ಊಟಕ್ಕೆ ಕೂತಾಗಲೆಲ್ಲ.

"ಕಾಣದೆ ಹೇಳೋರು ಭವಿಷ್ಯ ಹೇಳೋರು, ಅಪ್ಪ. ನಾನು ಸಂಬಳಕ್ಕೆ ಕೆಲಸ ಮಾಡೋಳು."

"ಅಪ್ಪ ಮಗಳು ಇಬ್ರೂ ದಿನವೆಲ್ಲ ನೆಲದಡಿ ಇರೋದನ್ನ ಹುಡುಕ್ತೀರ. ತಟ್ಟೇಲಿರೋದು ಮಾತ್ರ ಇಬ್ಬರ ಕಣ್ಣಿಗೂ ಬೀಳಲ್ಲ," ಎಂದು ಅಮ್ಮ ಸಾರಿನ ಸೌಟು ಕುಕ್ಕುತ್ತಿದ್ದರು.

ಆ ಮಂಗಳವಾರ ಹೊಟ್ಟೆಬಾಕ ನಿಂತದ್ದು ಅಚ್ಚುಕೂಟದ ಬೀದಿಯಲ್ಲಿ. ರಸ್ತೆಗೆ ಅಡ್ಡವಾಗಿ ಹೊಸ ಚರಂಡಿ ಹಾಯಿಸಬೇಕಿತ್ತು, ಅದೇ ಬೀದಿಯನ್ನು ಗ್ಯಾಸಿನ ಹಳೆಯ ಕೊಳವೆಯೂ ಅಡ್ಡ ದಾಟುತ್ತಿತ್ತು. ಕೊಳವೆ ಪ್ಲಾಸ್ಟಿಕ್ಕಿನದು. ಲೋಹವಾಗಿದ್ದರೆ ಪತ್ತೆಯಂತ್ರ ಕೀಂ ಕೀಂ ಎಂದು ಹೇಳುತ್ತಿತ್ತು, ಪ್ಲಾಸ್ಟಿಕ್ಕಿನ ಸುದ್ದಿಗೆ ಅದು ತುಟಿಪಿಟಕ್ಕೆನ್ನುವುದಿಲ್ಲ. ಹಾಗಾಗಿ ಮೇಸ್ತ್ರಿಯ ಪುಸ್ತಕವೇ ಗತಿ. ಮೂವತ್ತೆರಡು ವರ್ಷದ ಹಿಂದಿನ ಆ ಪುಸ್ತಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಅಚ್ಚುಕೂಟದ ಗೇಟಿನ ಕಲ್ಲುಕಂಬದಿಂದ ಹದಿನಾಲ್ಕು ಹೆಜ್ಜೆ. ಅಂದರೆ ಮೂವತ್ತೈದು ಅಡಿ. ಅಲ್ಲಿ ಹಳದಿ ಬಣ್ಣದ ಗುರುತು ಬಿದ್ದಿತ್ತು. ಅದರಿಂದ ಏಳಡಿ ಈಚೆಗೆ, ಕಂಬದಿಂದ ಇಪ್ಪತ್ತೆಂಟು ಅಡಿಗೆ, ಚರಂಡಿ ತೋಡುವವರ ಬಿಳಿ ಗೆರೆ. ಮಧ್ಯಾಹ್ನ ಅಲ್ಲಿ ಹಲ್ಲಿನ ಯಂತ್ರ ಬರುವುದಿತ್ತು.

ಪುಸ್ತಕಕ್ಕೊಂದು ಗುಂಡಿ ಎಂಬುದು ಕಚೇರಿಯ ನಿಯಮ. ಒಂದು ಪುಸ್ತಕದಲ್ಲಿ ಯಾವುದಾದರೂ ಒಂದು ಅಳತೆಯನ್ನು ತೆರೆದು ನೋಡಿ ಸರಿಯಿದ್ದರೆ ಮಿಕ್ಕ ಪುಟಗಳನ್ನು ನಂಬಿಕೊಂಡು ಅಗೆಯಬಹುದು. ಇಡೀ ಊರಿಗೆ ಇದ್ದದ್ದು ಒಂದೇ ಹೊಟ್ಟೆಬಾಕ, ಪಾಪ, ಅದಾದರೂ ಎಷ್ಟು ತಿಂದೀತು?

ಹಳದಿ ಗುರುತಿನಲ್ಲಿ ಅವಳು ನಳಿಕೆ ಇಳಿಸಿದಳು. ದಪ್ಪ ಕೊಳವೆ ಹಿಡಿದವನು ಮೀಸೆ. ಹತ್ತು ವರ್ಷದ ಜೊತೆಗಾರ, ಮೀಸೆಗೆ ಕೆಸರು ಹಾರದಂತೆ ಮುಖ ಓರೆ ಮಾಡಿಕೊಂಡೇ ಕೆಲಸ ಮಾಡುವ ಆಸಾಮಿ. ಮೂರಡಿ ಹೋಯಿತು, ನಾಲ್ಕಾಯಿತು. ಜೇಡಿಮಣ್ಣು, ಪದರ ಪದರವಾಗಿ, ಯಾವ ಕಾಲದಲ್ಲೂ ಯಾರ ಗುದ್ದಲಿಯೂ ತಾಗದೆ ಕೂತ ಮಣ್ಣು. ಕೊಳವೆ ಹೂತಿದ್ದರೆ ಸುತ್ತ ಮರಳು ಇರಬೇಕಿತ್ತು.

"ಇನ್ನೊಂದಡಿ ಹೋಗೋಣ," ಎಂದ ಮೀಸೆ. "ಮೇಸ್ತ್ರಿ ಲೆಕ್ಕ ತಪ್ಪೋದು ಅಂದ್ರೇನು?"

ಆರಡಿಯವರೆಗೆ ಹೋದರು. ಏನೂ ಇಲ್ಲ. ಎದುರಂಗಡಿಯ ದರ್ಜಿ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು, "ಏನಮ್ಮ, ಪಾತಾಳದವರೆಗೂ ಹೋಗ್ತೀರಾ?" ಎಂದು ವಿಚಾರಿಸಿಕೊಂಡ.

ಅವಳಿಗೆ ನಗು ಬರಲಿಲ್ಲ. ಕಂಬದ ಕಡೆಗೆ ಹೆಚ್ಚುಕಡಿಮೆ ಎರಡೆರಡು ಅಡಿ ಹಿಂದೆ ಸರಿಯುತ್ತ ಹೊಸ ಗುಂಡಿ ತೆರೆಯುತ್ತ ಬಂದಳು. ಒಂದು ಖಾಲಿ, ಎರಡು ಖಾಲಿ, ಮೂರೂ ಖಾಲಿ. ನಾಲ್ಕನೆಯದು ಬಿಳಿ ಗೆರೆಗೇ ತಾಗಿಕೊಂಡಿತ್ತು. ಅಲ್ಲಿ ಮೂರಡಿಗೆ ಮಣ್ಣಿನ ಬಣ್ಣ ತಿಳಿಯಾಯಿತು, ಮರಳು ಬರತೊಡಗಿತು. ತಕ್ಷಣ ನೀರಿನ ಒತ್ತಡ ಇಳಿಸಿ, ನಳಿಕೆಯನ್ನು ಓರೆ ಮಾಡಿ, ಮಗುವಿನ ತಲೆಗೆ ನೀರು ಹಾಕುವ ಹಾಗೆ ಮೆಲ್ಲಗೆ ತೊಳೆದಳು. ಹಳದಿ ಕೊಳವೆ ಬೆನ್ನು ತೋರಿಸಿತು. ಬಿಳಿ ಗೆರೆಯ ಕೆಳಗೇ ಸರಿಯಾಗಿ ಮಲಗಿತ್ತು.

ಇನ್ನು ಮೂರು ಗಂಟೆ ಕಳೆದಿದ್ದರೆ ಯಂತ್ರದ ಹಲ್ಲು ಇದೇ ಜಾಗಕ್ಕೆ ಇಳಿಯುತ್ತಿತ್ತು. ಅಚ್ಚುಕೂಟದೊಳಗೆ ಮೂವತ್ತು ಜನ, ಎದುರಿಗೆ ಇಸ್ತ್ರಿಪೆಟ್ಟಿಗೆ ಕಾಯಿಸಿಟ್ಟುಕೊಂಡ ದರ್ಜಿ. ಅವಳು ಕೈಗವಸು ಕಳಚಿ ರಸ್ತೆಯಂಚಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಳು.

ಎಂಜಿನಿಯರ್ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಕೆಲಸ ಮುಗಿದಿದೆ ಎಂದು ಕೇಳುವುದಕ್ಕೆ ಕೆಲಸ ಶುರುವಾಗುವ ಮೊದಲೇ ಕಿವಿ ನಿಮಿರಿಸಿಕೊಂಡಿರುವವರು. "ಸಿಕ್ತಲ್ಲ! ಅದಕ್ಕೇ ತಾನೇ ನಿಮ್ಮನ್ನ ಕರೆಸಿದ್ದು? ಚರಂಡೀನ ಆಚೆ ಸರಿಸಿದ್ರಾಯ್ತು," ಎಂದರು.

"ಸರ್, ಇದು ಒಂದು ಪುಟ. ನಾಳೆ ಎಂಟು ಗಂಟೆಗೆ ನೀವು ಅಗೆಯೋ ಗಲ್ಲಿ ಇದೇ ಪುಸ್ತಕದ ಇನ್ನೊಂದು ಪುಟ. ಆ ವರ್ಷದ್ದು ಇನ್ನೂ ನಲವತ್ತು ಪುಟ ಇದೆ. ಎಲ್ಲವನ್ನೂ ತೆರೆದು ನೋಡ್ಬೇಕು."

"ನಲವತ್ತು ಗುಂಡಿನಾ? ಲಾರಿ ನಾಳೆ ನೀರಿನವರಿಗೆ ಹೋಗ್ಬೇಕಮ್ಮ. ಯಾರೋ ಕಂಬ ಕಿತ್ತು ನೆಟ್ಟಿರ್ತಾರೆ ಬಿಡಿ. ಮೇಸ್ತ್ರಿ ಅಳತೆ ತಪ್ಪಿದ್ದನ್ನ ನಾನಂತೂ ಕೇಳಿಲ್ಲ."

ಕಂಬ ಕಿತ್ತಿರಲಿಲ್ಲ, ಅದು ಗೋಡೆಯ ಜೊತೆಗೇ ಕಟ್ಟಿದ ಕಂಬ. ಅದನ್ನು ಹೇಳಿದಳು. ಸಾಹೇಬರು ತಲೆ ಕೆರೆದುಕೊಂಡು ನಿಯಮ ತೆಗೆದರು. ಪುಸ್ತಕ ಬರೆದವರು ಬದುಕಿರುವಾಗ ಅದನ್ನು ತಪ್ಪೆಂದು ಹೊಡೆದುಹಾಕಲು ಅವರ ಕೈಬರಹವೇ ಬೇಕು. ಅದಿಲ್ಲದಿದ್ದರೆ ಪುಸ್ತಕ ಸರಿ. "ನಿಮ್ಮ ತಂದೆ ಹತ್ರ ಬರೆಸ್ಕೊಂಡು ಬನ್ನಿ, ನಾನೇ ಎಲ್ಲಾ ಅಗೆತ ನಿಲ್ಲಿಸ್ತೀನಿ. ಇಲ್ಲಾಂದ್ರೆ ನಾಳೆ ಎಂಟಕ್ಕೆ ಶುರು."

ಬೇರೆ ಯಾರಿಗಾದರೂ ಹೇಳಿಬಿಡುವುದು ಸುಲಭ. ಮೇಸ್ತ್ರಿಗೆ ಅವರ ಹೆಜ್ಜೆ ತಪ್ಪೆಂದು ಹೇಳಲು ಮಾತ್ರ ಎರಡು ಗುಂಡಿಗೆ ಬೇಕಿತ್ತು.

ಮನೆಗೆ ಬಂದಾಗ ಅಮ್ಮ ಬಟಾಣಿ ಸುಲಿಯುತ್ತಿದ್ದರು, ಅಪ್ಪ ಆ ಸಿಪ್ಪೆಗಳನ್ನು ವಿನಾಕಾರಣ ಉದ್ದದ ಪ್ರಕಾರ ಜೋಡಿಸುತ್ತಿದ್ದರು. ಅವಳು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

ಮೇಸ್ತ್ರಿ ನಕ್ಕರು. "ಕಂಬದಿಂದ ಟೇಪ್ ಹಿಡಿದವರು ಯಾರು? ಮೀಸೆ ತಾನೇ? ಅವನ ಗಮನ ಎಲ್ಲಾ ಮೀಸೆ ಮೇಲೆ."

"ನಾನೇ ಹಿಡಿದೆ. ಮೂರು ಸಲ."

"ಹಾಗಾದ್ರೆ ಕೊಳವೆ ಸರಿದಿದೆ."

"ಕೊಳವೆ ಏನು ಎದ್ದು ನಡೆಯತ್ತಾ, ಅಪ್ಪ?"

"ನನ್ನ ಹೆಜ್ಜೆ ತಪ್ಪೋದಕ್ಕಿಂತ ಕೊಳವೆ ಎದ್ದು ನಡೆಯೋದೇ ಹೆಚ್ಚು ಸಾಧ್ಯ. ಪ್ರತಿ ತಿಂಗಳು ವರಾಂಡದಲ್ಲಿ ನೋಡಿ ಸಹಿ ಹಾಕಿದೀನಿ. ಬೇಕಾದ್ರೆ ತೆಗೆಸಿ ನೋಡು."

ಅವಳಿಗೆ ರೇಗಿಹೋಯಿತು. "ಸಹಿ ತಗೊಂಡು ಏನ್ಮಾಡ್ಲಿ? ನಾಳೆ ಬೆಳಿಗ್ಗೆ ಆ ಗಲ್ಲೀಲಿ ಯಂತ್ರ ಇಳಿಯತ್ತೆ. ಎರಡೂ ಕಡೆ ಮನೆಗಳಿವೆ. ಡ್ರೈವರ್ ನಿಮ್ಮ ಪುಸ್ತಕ ನಂಬ್ಕೊಂಡು ಅದರ ಮೇಲೆ ಕೂತಿರ್ತಾನೆ. ಅವನಿಗೇನಾದ್ರೂ ಆದ್ರೆ ನಿಮ್ಮ ಮೂವತ್ತಂಗುಲ ಯಾವ ಮುಖ ಇಟ್ಕೊಂಡು ನಡೆಯತ್ತೆ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಪ್ಪನಿಗೆ ಹಾಗೆ ಎಂದೂ ಅಂದಿರಲಿಲ್ಲ. ಮೇಸ್ತ್ರಿ ಮುಖ ಊದಿಸಿಕೊಂಡು ಎದ್ದು, ಒಳಗೆ ಹೋಗಿ, ಕೆಲಸದ ಕಾಲದ ಹಳೆಯ ಬೂಟು ಹಾಕಿಕೊಂಡು ಬಂದರು.

"ಬರೆದು ಕೊಡಲ್ಲ. ಬಂದು ನಡೆದು ತೋರಿಸ್ತೀನಿ," ಎಂದರು.

"ಮೊಣಕಾಲು ಜೋಪಾನ!" ಎಂದು ಅಮ್ಮ ಕೂಗಿದ್ದು ಇಬ್ಬರಿಗೂ ಕೇಳಿಸಿತು, ಒಬ್ಬರೂ ತಿರುಗಿ ನೋಡಲಿಲ್ಲ.

ಅಚ್ಚುಕೂಟದ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಎಂಜಿನಿಯರ್ ಸಾಹೇಬರು ಎದ್ದು ನಿಂತು ನಮಸ್ಕರಿಸಿದರು. ಮೇಸ್ತ್ರಿ ಕಂಬಕ್ಕೆ ಹಿಮ್ಮಡಿ ತಾಗಿಸಿ, ಎದೆ ಸೆಟೆದು, ಹೊರಟರು. ಎಪ್ಪತ್ತರ ಕಾಲುಗಳು ಮೂವತ್ತಂಗುಲ ಚಾಚಲು ಪಡುತ್ತಿದ್ದ ಪಾಡು ಮಗಳಿಗೆ ಕಾಣುತ್ತಿತ್ತು, ಆದರೆ ಹೆಜ್ಜೆ ಒಂದೂ ಕುಗ್ಗಲಿಲ್ಲ. ಹದಿನಾಲ್ಕನೆಯದು ಹಳದಿ ಗುರುತಿನ ಗುಂಡಿಯ ಪಕ್ಕಕ್ಕೇ ಬಿತ್ತು.

"ನೋಡಿದ್ಯಾ?" ಎಂದು ಗೆದ್ದವರ ಹಾಗೆ ತಿರುಗಿದರು. ಆಮೇಲೆ ಬಗ್ಗಿ ಗುಂಡಿಯೊಳಗೆ ನೋಡಿದರು. ಜೇಡಿಮಣ್ಣು. ನೆಲ ಓದಿ ಗೊತ್ತಿದ್ದ ಮನುಷ್ಯ, ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಕಂಬಕ್ಕೆ ಮರಳಿ ಇನ್ನೊಮ್ಮೆ ನಡೆದರು. ಅದೇ ಹಳದಿ ಗುರುತು, ಅದೇ ಖಾಲಿ ಗುಂಡಿ.

ಮೂರನೆಯ ಸಲ ಹೊರಡುವಾಗ ಮೊದಲ ಹೆಜ್ಜೆಗೇ ಕೆಸರಿನಲ್ಲಿ ಬೂಟು ಜಾರಿ, ಮೊಣಕಾಲು ಕೈಕೊಟ್ಟಿತು. ಅವಳು ಓಡಿಹೋಗಿ ಹಿಡಿದುಕೊಂಡಳು. "ಬಿಡು," ಎಂದರು. ಬಿಡಲಿಲ್ಲ. ಅವರ ಕೈಬೆರಳನ್ನು ತನ್ನ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದು, "ನಾನೂ ಬರ್ತೀನಿ, ನಡೀರಿ," ಎಂದಳು. ಕಂಬದಿಂದ ಮತ್ತೆ ಶುರುಮಾಡಿದರು. ರಬ್ಬರ್ ಬೂಟಿನಲ್ಲಿ ಅವಳ ಹೆಜ್ಜೆ ಚಿಕ್ಕದು, ಅವಳಿಗೆ ಹೊಂದಿಕೊಂಡು ಅವರದೂ ಚಿಕ್ಕದಾಯಿತು. ಯಾರೂ ಹೇಳದಿದ್ದರೂ ಮೀಸೆ ಗಟ್ಟಿಯಾಗಿ ಎಣಿಸುತ್ತಿದ್ದ. ಹದಿನಾಲ್ಕು ಎಂದಾಗ ಇಬ್ಬರೂ ನಿಂತದ್ದು ಕೊಳವೆ ಸಿಕ್ಕಿದ ಗುಂಡಿಯ ಅಂಚಿನಲ್ಲಿ.

"ಕೊಳವೆಗೆ ಒಂದು ಗೇಣು ಕಮ್ಮಿ," ಎಂದ ಮೀಸೆ. ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ.

ಮೇಸ್ತ್ರಿ ಗುಂಡಿ ನೋಡಲಿಲ್ಲ. ಮಗಳು ಹಿಡಿದ ತಮ್ಮ ಬೆರಳು ನೋಡುತ್ತಿದ್ದರು.

"ಆ ವರ್ಷ ನಿಮ್ಮಮ್ಮ ಕಾಲು ಮುರ್ಕೊಂಡು ಹಾಸಿಗೇಲಿದ್ಲು," ಎಂದರು. "ಒಂಬತ್ತು ತಿಂಗಳು. ನಿನಗೆ ನಾಲ್ಕು ವರ್ಷ, ಮನೇಲಿ ಬಿಡೋ ಹಾಗಿರಲಿಲ್ಲ. ಕೆಲಸಕ್ಕೆ ನನ್ನ ಜೊತೇಲೇ ಬರ್ತಿದ್ದೆ."

"ವರಾಂಡದಲ್ಲಿ?"

"ವರಾಂಡದಲ್ಲಿ ನೀನು ಗುಮಾಸ್ತರ ಮೇಜಿನ ಮೇಲೆ ಕೂತು ಬಿಸ್ಕತ್ತು ತಿಂತಿದ್ದೆ. ನಾನೊಬ್ನೇ ನಡೀತಿದ್ದೆ." ತಿಂಗಳಿಗೊಮ್ಮೆ ಒಬ್ಬರೇ ನಡೆದು ಹೆಜ್ಜೆ ಸರಿಯಿದೆ ಎಂದು ಸಹಿ ಹಾಕಿ, ತಿಂಗಳಿಡೀ ಮಗಳ ಕೈ ಹಿಡಿದು ಊರು ಅಳೆದಿದ್ದರು ಮಹಾನುಭಾವರು.

ಮರುಕ್ಷಣವೇ ಅವರ ಮುಖ ಅರಳಿತು. "ಅಲ್ಲಾ, ಹಾಗಾದ್ರೆ ತಪ್ಪೇನಿದೆ ಇದರಲ್ಲಿ? ಎಣಿಕೆ ಸರಿಯಾಗೇ ಇದೆ! ಆ ವರ್ಷದ ಹೆಜ್ಜೆ ಇಪ್ಪತ್ನಾಲ್ಕಂಗುಲ ಅಷ್ಟೇ. ಸಾಹೇಬ್ರೇ, ಎಲ್ಲಾ ಪುಟಕ್ಕೂ ಇಪ್ಪತ್ನಾಲ್ಕರ ಲೆಕ್ಕ ಹಾಕ್ಕೊಳ್ಳಿ, ಒಂದು ಗುಂಡಿನೂ ಬೇಡ!"

ಸಾಹೇಬರಿಗೆ ಹೊಟ್ಟೆ ತಣ್ಣಗಾಯಿತು. ಆಗಲೇ ಫೋನು ತೆಗೆದು ಗುಣಿಸಿ, ನಾಳಿನ ಗಲ್ಲಿಯಲ್ಲಿ ಬಿಳಿ ಗೆರೆ ಎಲ್ಲಿ ಹಾಕಬೇಕೆಂದು ಯಾರಿಗೋ ಹೇಳಿಯೂ ಬಿಟ್ಟರು.

ಅವಳಿಗೂ ಹೂಂ ಎಂದುಬಿಡಬೇಕು ಎನಿಸಿತು. ಅಪ್ಪನ ಮುಖಕ್ಕೆ ಆ ಬೆಳಕು ಮರಳಿ ಬಂದದ್ದು ಅವಳಿಗೆ ಅಷ್ಟು ಸಮಾಧಾನ ಕೊಟ್ಟಿತ್ತು. ಆದರೆ ಕಂಡ ಹೊರತು ನಂಬಬಾರದೆಂಬುದು ಅವಳ ಕೈಗಂಟಿದ ಅಭ್ಯಾಸ.

"ಅಪ್ಪ, ನಾನು ದಿನಾ ನಡೀತಿದ್ನಾ?"

"ಎಲ್ಲಿ ನಡೀತಿದ್ದೆ, ಸೋಮಾರಿ! ಎರಡು ಬೀದಿ ಆದ್ರೆ ಕಾಲು ನೋಯತ್ತೆ ಅಂತ ಶುರು. ಹೆಗಲೇರಿ, ಎರಡೂ ಕಿವಿ ಹಿಡ್ಕೊಂಡು ಬೇಗ ಬೇಗ ಅಂತ..." ಎನ್ನುತ್ತ ಮಾತು ನಿಂತಿತು. ತಾವೇ ಆಡಿದ್ದು ತಮಗೇ ಕೇಳಿಸಿತ್ತು.

"ಹೆಗಲ ಮೇಲಿದ್ದಾಗ ಹೆಜ್ಜೆ ಮೂವತ್ತೇ ಬೀಳತ್ತಲ್ವಾ?" ಎಂದಳು ಮೆಲ್ಲಗೆ. "ಯಾವ ಬೀದೀಲಿ ನಡೆದೆ, ಯಾವ ಬೀದೀಲಿ ಹೆಗಲೇರಿದ್ದೆ?"

ಮೇಸ್ತ್ರಿ ಪುಸ್ತಕ ಇಸಿದುಕೊಂಡು ಪುಟ ತಿರುವಿದರು. ಹಿಂದೆ ತಿರುವಿದರು, ಮುಂದೆ ತಿರುವಿದರು. ಊರಿನ ಪ್ರತಿಯೊಂದು ಬೆಸುಗೆಯೂ ನೆನಪಿದ್ದ ಮನುಷ್ಯ. ಮುತ್ತಿನಂಥ ಅಕ್ಷರಗಳಲ್ಲಿ ಅವಳ ಸುದ್ದಿ ಎಲ್ಲೂ ಇರಲಿಲ್ಲ.

"ಗೊತ್ತಿಲ್ಲ ಕಣೇ," ಎಂದರು.

ಆ ಮಾತನ್ನು ಅವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಎಷ್ಟೋ ವರ್ಷದಿಂದ ಊಟದ ಹೊತ್ತಿಗೆಲ್ಲ ಅದನ್ನು ಅವರ ಬಾಯಿಂದ ಹೊರಡಿಸಬೇಕೆಂದು ಹಟ ತೊಟ್ಟಿದ್ದಳು. ಈಗ ಹೊರಟಾಗ ಅವರನ್ನು ಅಲ್ಲಿಂದ ಕರೆದುಕೊಂಡು ಹೋಗಿಬಿಡೋಣ ಎನಿಸಿತು.

ಮೇಸ್ತ್ರಿ ತಾವಾಗಿಯೇ ಸಾಹೇಬರ ಕಡೆ ಕೈ ಚಾಚಿ ಫಾರಂ ಕೇಳಿದರು. ಲಾರಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಬರೆದರು. ಸಾಹೇಬರು ಗಟ್ಟಿಯಾಗಿ ಓದಿದರು: "ಈ ಪುಸ್ತಕದ ಯಾವ ಅಳತೆಯನ್ನೂ ನಂಬಬಾರದು. ಪ್ರತಿಯೊಂದನ್ನೂ ತೆರೆದು ನೋಡಬೇಕು. ಕಾರಣ: ಮಗಳ ಕೈ ಹಿಡಿದಿದ್ದೆ."

ಓದಿ ಕೆಮ್ಮಿದರು. "ಮೇಸ್ತ್ರಿಗಳೇ, ಕಾರಣ ಅಂತ ಇದನ್ನ ಬರೆದ್ರೆ ಮೇಲಿನವರು ನಗ್ತಾರೆ. ಅಳತೆಯ ದೋಷ ಅಂತ ಬರೀರಿ, ಸಾಕು."

"ದೋಷ ಅಂತ ಬರೆಯಲ್ಲ," ಎಂದರು ಮೇಸ್ತ್ರಿ. "ಕೈ ಬಿಟ್ಟಿದ್ರೆ ಅಳತೆ ಸರಿಯಾಗಿರ್ತಿತ್ತು, ಸಾಹೇಬ್ರೇ. ಇವಳು ರಸ್ತೆ ಮಧ್ಯ ಓಡ್ತಿದ್ಲು."

ಜಪ್ಪಯ್ಯ ಎಂದರೂ ಆ ಸಾಲು ಬದಲಿಸಲಿಲ್ಲ. ಸಾಹೇಬರು ಮುದ್ರೆ ಒತ್ತಿದರು, ಅಗೆತ ನಿಲ್ಲಿಸಿದರು, ನೀರಿನವರಿಗೆ ಫೋನು ಮಾಡಿ ಹೊಟ್ಟೆಬಾಕವನ್ನು ಹದಿನೈದು ದಿನ ಇಲ್ಲೇ ಉಳಿಸಿಕೊಂಡರು.

ಮರುದಿನ ಬೆಳಿಗ್ಗೆ ಗಲ್ಲಿಗೆ ಮೇಸ್ತ್ರಿಯೂ ಬಂದರು, ಸುಮ್ಮನೆ ಗಾಳಿಗೆ ಹೊರಟವರ ಹಾಗೆ ಮುಖ ಮಾಡಿಕೊಂಡು. ಪುಸ್ತಕದ ಪ್ರಕಾರ ಇಲ್ಲಿ ಸೇತುವೆಯ ಮೂಲೆಯಿಂದ ಇಪ್ಪತ್ತು ಹೆಜ್ಜೆ. ಇಪ್ಪತ್ನಾಲ್ಕಂಗುಲದ ಲೆಕ್ಕದಲ್ಲಿ ಕೊಳವೆ ನಲವತ್ತು ಅಡಿಗೆ ಇರಬೇಕೆಂದು, ಹತ್ತಡಿ ದೂರ ಇರಲಿ ಎಂದು, ನಿನ್ನೆ ಸಂಜೆ ಸಾಹೇಬರು ಆತುರದಲ್ಲಿ ಹಾಕಿಸಿದ ಬಿಳಿ ಗೆರೆ ಐವತ್ತನೆಯ ಅಡಿಗೆ ಎದ್ದು ಕಾಣುತ್ತಿತ್ತು. ಅವಳು ನಲವತ್ತರಲ್ಲಿ ತೆರೆದಳು. ಜೇಡಿಮಣ್ಣು. ಅಲ್ಲಿಂದ ಒಂದೊಂದೇ ಗುಂಡಿ ತೆರೆಯುತ್ತ ಹೋದಳು. ಮರಳು ಬಂದದ್ದು ಬಿಳಿ ಗೆರೆಯ ಕೆಳಗೆ. ಒತ್ತಡ ಇಳಿಸಿ ಮೆಲ್ಲಗೆ ತೊಳೆದಾಗ ಹಳದಿ ಕೊಳವೆ, ಸರಿಯಾಗಿ ಐವತ್ತನೆಯ ಅಡಿಯಲ್ಲಿ, ಒಂದಂಗುಲವೂ ಆಚೀಚೆಯಿಲ್ಲದೆ ಮಲಗಿತ್ತು. ಇಪ್ಪತ್ತು ಹೆಜ್ಜೆ, ಮೂವತ್ತಂಗುಲದವು.

ಸಾಹೇಬರು ತಾವು ಹಾಕಿಸಿದ ಬಿಳಿ ಗೆರೆಯನ್ನು ಬೂಟಿನಿಂದ ಉಜ್ಜತೊಡಗಿದರು. ಮೀಸೆ ಲಾರಿಯ ಯಂತ್ರ ನಿಲ್ಲಿಸಿದ. ಗಲ್ಲಿಯ ಮನೆಯೊಂದರಲ್ಲಿ ಯಾರೋ ಪಾತ್ರೆ ತೊಳೆಯುವುದು ಕೇಳಿಸುತ್ತಿತ್ತು.

ಅವಳು ಗುಂಡಿಯ ಪಕ್ಕದಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು. "ಅಪ್ಪ, ಇಲ್ಲಿ ನಾನು ಹೆಗಲ ಮೇಲಿದ್ದೆ," ಎಂದಳು.

ಮೇಸ್ತ್ರಿ ಬಗ್ಗಿ, ಕೊಳವೆಯನ್ನು ಬಹಳ ಹೊತ್ತು ಕಣ್ಣಾರೆ ನೋಡಿದರು.